ರಾತ್ರಿ 25 ಗಂಟೆಗೆ ಪೋಸ್ಟ್‌ಕಾರ್ಡ್

ಮೇಷ್ಟ್ರೇ, ನಮಸ್ಕಾರ.

ತಿಪಟೂರಿನಿಂದ ನೀವು ಬರೆದ ಇನ್‌ಲ್ಯಾಂಡ್ ಲೆಟರ್ ಸಿಕ್ತು. ಹೋದ ಸಂಚಿಕೇಲಿ ಜಪಾನಿನ ಮಧ್ಯರಾತ್ರಿ ರೇಡಿಯೋ ಬಗ್ಗೆ ನಾಲ್ಕೇ ಸಾಲು ಹಾಕಿ ಕೈ ತೊಳ್ಕೊಂಡ್ರಿ ಅಂತ ಬೈದಿದೀರ, ತಪ್ಪು ನಮ್ದೇ, ಜಾಗ ಇರ್ಲಿಲ್ಲ ಅನ್ನೋದು ಬರೀ ನೆಪ. "ಬುಲೆಟ್ ಟ್ರೈನ್ ಓಡಿಸೋ ದೇಶದಲ್ಲಿ ರಾತ್ರಿ ಒಂದು ಗಂಟೆಗೆ ರೇಡಿಯೋ ಕೇಳೋರು ಯಾರ್ರೀ?" ಅಂತ ಕೇಳಿದೀರ. ಜೊತೆಗೆ ಒಸಾಕಾದಲ್ಲಿರೋ ಮಗಳಿಗೆ ಕೊಟ್ಟು ಕಳಿಸಿದ ಸೆಟ್ಟಲ್ಲಿ ಎಫ್‌ಎಂ ಸರಿಯಾಗಿ ಹಿಡೀತಿಲ್ಲ ಅನ್ನೋ ದೂರು ಬೇರೆ.

ಮೊದಲು ಆ ಒಂದು ಗಂಟೆ ವಿಷ್ಯ. ಅಲ್ಲಿ ರೇಡಿಯೋದವ್ರು ಅದನ್ನ 25 ಗಂಟೆ ಅಂತಾರೆ! ಕೇಳೋರಿಗೆ ಇನ್ನೂ ನಿನ್ನೆ ರಾತ್ರಿ ಮುಗಿದಿರಲ್ಲ ನೋಡಿ. ಈ ಮಧ್ಯರಾತ್ರಿ ರೇಡಿಯೋ ಜೋರಾಗಿದ್ದು 1967ರಲ್ಲಿ, ಟೋಕಿಯೋದ ನಿಪ್ಪೋನ್ ಹೋಸೋ ಸ್ಟೇಷನ್ 'ಆಲ್ ನೈಟ್ ನಿಪ್ಪೋನ್' ಅನ್ನೋ ಶೋ ಶುರು ಮಾಡಿದಾಗ. ಆಗ ಟಿವಿ ಮನೆಗೊಂದು, ಅದೂ ಅಪ್ಪನ ಕೈಲಿ. ಆದ್ರೆ ಸೋನಿಯವ್ರು 1955ರಲ್ಲೇ ಟ್ರಾನ್ಸಿಸ್ಟರ್ ಸೆಟ್ ಮಾರೋಕೆ ಶುರು ಮಾಡಿದ್ರಲ್ಲ, ಹಾಗಾಗಿ ಎಂಟ್ರೆನ್ಸ್ ಪರೀಕ್ಷೆಗೆ ನಿದ್ದೆಗೆಟ್ಟು ಓದೋ ಹುಡುಗರ ಮೇಜಿನ ಮೇಲೆ ಅವರದ್ದೇ ಅಂತ ಒಂದು ರೇಡಿಯೋ ಬಂತು. ಮನೆಯವ್ರೆಲ್ಲ ಮಲಗಿದಾರೆ, ಇವನೊಬ್ಬ ಎದ್ದಿದಾನೆ, ಕಿವಿ ಹತ್ರ ಒಬ್ಬ ಗೆಳೆಯ ಮಾತಾಡ್ದಂಗೆ ಯಾರೋ ಮಾತಾಡ್ತಿದಾರೆ. ಲಾರಿ ಡ್ರೈವರ್‌ಗಳೂ ಕೇಳ್ತಿದ್ರು ಅನ್ನಿ.

ಆದ್ರೆ ನಂಗೆ ಇಷ್ಟ ಆಗೋದು ಪೋಸ್ಟ್‌ಕಾರ್ಡ್ ಕಥೆ. ಜೋಕು, ಮನೆ ಜಗಳ, ಮೇಷ್ಟ್ರ ಮೇಲಿನ ಚಾಡಿ (ಕ್ಷಮಿಸಿ!), ಎಲ್ಲಾ ಒಂದು ಕಾರ್ಡಲ್ಲಿ ಹಿಡಿಸಿ ಕೇಳುಗರು ಶೋಗೆ ಕಳಿಸೋದು, ಅದನ್ನ ಶೋ ನಡೆಸೋರು ಓದ್ತಾರೋ ಇಲ್ವೋ ಅಂತ ಕಾಯೋದು. ವಾರವಾರವೂ ಕಂತೆ ಕಂತೆ ಬರೆಯೋರಿಗೆ 'ಹಗಾಕಿ ಶೊಕುನಿನ್' ಅಂತ ಹೆಸರೇ ಬಿತ್ತು. ಹಗಾಕಿ ಅಂದ್ರೆ ಪೋಸ್ಟ್‌ಕಾರ್ಡು, ಶೊಕುನಿನ್ ಅಂದ್ರೆ ಬಡಗಿ, ಅಕ್ಕಸಾಲಿ ಥರ ಕಸುಬುದಾರ. ಹಾಸ್ಯಗಾರ ಬೀಟ್ ತಕೆಷಿ 1981ರಿಂದ 1990ರವರೆಗೆ ಗುರುವಾರ ರಾತ್ರಿ ನಡೆಸಿಕೊಟ್ಟ ಶೋ ಕಾಲದಲ್ಲಂತೂ ಇವರ ಹಾವಳಿ ಭಾರಿ. ಇವರಲ್ಲಿ ಕೆಲವ್ರು ಮುಂದೆ ರೇಡಿಯೋ ಟಿವಿಗೆ ಬರೆಯೋದನ್ನೇ ನೌಕರಿ ಮಾಡ್ಕೊಂಡ್ರು. ಸ್ವಂತ ಹೆಸರು ಹಾಕಲ್ಲ, 'ರೇಡಿಯೋ ನೇಮ್' ಅಂತ ಒಂದು ಚೇಷ್ಟೆ ಹೆಸರು ಇಟ್ಕೋತಾರೆ. ಈಗ ಇಮೇಲ್ ಬಂದಿದೆ, ಹೆಸರಿನ ಚೇಷ್ಟೆ ಮಾತ್ರ ಹಂಗೇ ಇದೆ. ಓದುಗರ ಪತ್ರಕ್ಕೆ ಬಾಯಿ ಬಿಟ್ಕೊಂಡು ಕಾಯೋ ಸಂಪಾದಕನಿಗೆ ಇದು ಓದಿ ಹೊಟ್ಟೆಕಿಚ್ಚು ಆಗದೆ ಇರತ್ತಾ?

ಬೆಳಗ್ಗೆ 6:30ಕ್ಕೆ ರೇಡಿಯೋ ಪಿಯಾನೋಗೆ ಕೈಕಾಲು ಆಡಿಸೋ 'ರೇಡಿಯೋ ತಾಯ್ಸೋ' ಬಗ್ಗೆನೂ ಕೇಳಿದೀರ. ಅದು 1928ರದ್ದು, ಯುದ್ಧ ಆದ್ಮೇಲೆ ನಿಂತೋಗಿ 1951ರಲ್ಲಿ ಹೊಸ ರೂಪದಲ್ಲಿ ಬಂತು. ಬೇಸಿಗೆ ರಜೇಲಿ ಮಕ್ಕಳು ಪಾರ್ಕಿಗೆ ಹೋಗಿ ಕಾರ್ಡಿಗೆ ಮುದ್ರೆ ಒತ್ತಿಸ್ಕೊಂಡು ಬರ್ತಾರೆ, ವ್ಯಾಯಾಮಕ್ಕಿಂತ ಆ ಮುದ್ರೆಗೇ ಹೋಗೋದು ಅನ್ಸತ್ತೆ.

ಹಂಗಂತ ರೇಡಿಯೋ ಅಲ್ಲಿ ಮಜವಾಗಿದೆ ಅಂದ್ಕೋಬೇಡಿ. ಎಎಂ, ಅಂದ್ರೆ ನಮ್ಮ ಮೀಡಿಯಂ ವೇವ್, ಅದರ ಟವರ್‌ಗೆ ಜಾಗ ಬೇಕು, ಖರ್ಚು ಜಾಸ್ತಿ, ಅದಕ್ಕೆ 47 ಖಾಸಗಿ ಎಎಂ ಸ್ಟೇಷನ್‌ಗಳಲ್ಲಿ 44 ಸ್ಟೇಷನ್‌ನವರು 2028ರೊಳಗೆ ಎಫ್‌ಎಂ ಕಡೆ ಹೋಗೋ ಗುರಿ ಇಟ್ಕೊಂಡಿದೀವಿ ಅಂತ 2021ರಲ್ಲೇ ಹೇಳಿದ್ರು. ಹುಡುಗ್ರು ಈಗ ಫೋನಲ್ಲಿ ರಾಡಿಕೋ ಆ್ಯಪ್ ಹಾಕ್ಕೊಂಡು, ತಪ್ಪಿದ ಶೋನ ಮಾರನೇ ದಿನ ಕೇಳ್ತಾರೆ. ಆದ್ರೂ ಎಷ್ಟೋ ಮನೇಲಿ ಭೂಕಂಪದ ಬ್ಯಾಗಲ್ಲಿ ನೀರು, ಟಾರ್ಚ್ ಜೊತೆ ಒಂದು ರೇಡಿಯೋ ಇದ್ದೇ ಇರತ್ತೆ. 1995ರ ಕೋಬೆ ಭೂಕಂಪ ಆದ್ಮೇಲೆ ನಗಾತಾ ವಾರ್ಡಿನಲ್ಲಿ ಕೊರಿಯನ್ನರು, ವಿಯೆಟ್ನಾಂನವರು ಅವರವರ ಭಾಷೇಲಿ ಪುಟ್ಟ ಎಫ್‌ಎಂ ನಡೆಸಿ, ನೀರೆಲ್ಲಿ ಸಿಗತ್ತೆ, ಅರ್ಜಿ ಎಲ್ಲಿ ಕೊಡ್ಬೇಕು ಅಂತ ಹೇಳ್ತಿದ್ರು. ಜಪಾನೀಸ್ ಬಾರದವ್ರಿಗೆ ಅದೇ ದಿಕ್ಕು.

ಇನ್ನು ನಿಮ್ಮ ಸೆಟ್ಟು. ಅದು ಕೆಟ್ಟಿಲ್ಲ ಮೇಷ್ಟ್ರೇ, ಅಂಗಡಿಯವನನ್ನ ಬೈಬೇಡಿ. ನಮ್ಮಲ್ಲಿ ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್, ಅವರದ್ದು 76ರಿಂದ 95, ಹಾಗಾಗಿ ಎರಡಕ್ಕೂ ಸೇರೋ 88ರಿಂದ 95ರ ಮಧ್ಯದಲ್ಲಿ ಸಿಕ್ಕಿದ್ದಷ್ಟೇ ಭಾಗ್ಯ. ಮಗಳಿಗೆ ಹೇಳಿ, ಸ್ವಿಚ್ಚನ್ನ ಮೀಡಿಯಂ ವೇವ್‌ಗೆ ತಳ್ಳಿ ಮುಳ್ಳನ್ನ 666ರ ಹತ್ರ ತರ್ಲಿ, ಒಸಾಕಾದ ಎನ್‌ಎಚ್‌ಕೆ, ಅಂದ್ರೆ ಅಲ್ಲಿನ ಆಕಾಶವಾಣಿ ಥರದ್ದು, ಬರತ್ತೆ. ಸೆಟ್ಟನ್ನ ಕಿಟಕಿ ಹತ್ರ ಇಟ್ಟು ಸ್ವಲ್ಪ ತಿರುಗಿಸಿ ನೋಡ್ಲಿ, ಮತ್ತೆ ಸೆಲ್ ಹೊಸದು ಹಾಕ್ಲಿ.

– ಸಂ.