ಕ್ರೋಮಿಯಂ ತಿನ್ನುವ ಪುಡಿ ಉಂಟೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕ್ರೋಮ್ ಪ್ಲೇಟಿಂಗ್ ಘಟಕವಿದೆ. ತೊಳೆದ ನೀರಿನ ತೊಟ್ಟಿಗೆ ವಾರಕ್ಕೊಂದು ಪೊಟ್ಟಣ ಬ್ಯಾಕ್ಟೀರಿಯಾ ಪುಡಿ ಹಾಕಿದರೆ ಅದು ಕ್ರೋಮಿಯಂ ತಿಂದುಹಾಕುತ್ತದೆ, ಸ್ಲಡ್ಜ್ (ತಳದಲ್ಲಿ ಕೂರುವ ಗಷ್ಟು) ಕೂಡ ಬರುವುದಿಲ್ಲ ಎಂದು ಒಬ್ಬರು ಮಾರಲು ಬಂದಿದ್ದರು. ಸೀಸೆಯಲ್ಲಿ ಮಾಡಿಯೂ ತೋರಿಸಿದರು. ಎರಡು ದಿನದಲ್ಲಿ ಹಳದಿ ಹೋಯಿತು. ಪರೀಕ್ಷೆಯ ಹನಿ ಹಾಕಿದರೆ ನೇರಳೆ ಬಣ್ಣ ಬರಲೇ ಇಲ್ಲ. ನಂಬಬಹುದೇ?

ಉತ್ತರ: ಅರ್ಧ ನಂಬಿ. ಕ್ರೋಮಿಯಂನ ವಿಷ ಇಳಿಸುವ ಬ್ಯಾಕ್ಟೀರಿಯಾ ನಿಜವಾಗಿಯೂ ಇವೆ. ಸ್ಲಡ್ಜ್ ಬರುವುದಿಲ್ಲ ಎಂಬುದು ಮಾತ್ರ ಶುದ್ಧ ಸುಳ್ಳು. ಹೋಟೆಲಿನ ಮುಸುರೆ ನೀರಾದರೆ ಬ್ಯಾಕ್ಟೀರಿಯಾ ತಿಂದು ಬಹುಪಾಲನ್ನು ಗಾಳಿಗೆ ಬಿಟ್ಟುಬಿಡುತ್ತವೆ. ಲೋಹ ಹಾಗಲ್ಲ, ಅದು ಮೂಲಧಾತು. ಅದರ ರೂಪ ಬದಲಿಸಬಹುದು, ಜಾಗ ಬದಲಿಸಬಹುದು. ಇಲ್ಲವಾಗಿಸಲು ಯಾವ ಜೀವಿಗೂ ಆಗದು.

ನಿಮ್ಮ ಹಳದಿ ನೀರಿನಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ನೋಡಲು ಸಲ್ಫೇಟಿನಂತೆಯೇ ಇರುವುದರಿಂದ ಜೀವಕೋಶಗಳು ಮೋಸಹೋಗಿ, ಸಲ್ಫೇಟಿಗೆಂದು ಇಟ್ಟ ಬಾಗಿಲಲ್ಲೇ ಅದನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಕ್ಯಾನ್ಸರ್ ತರುವುದು ಈ ರೂಪವೇ. ಕೆಲವು ಬ್ಯಾಕ್ಟೀರಿಯಾಗಳ ಕಿಣ್ವಗಳು ಅದಕ್ಕೆ ಎಲೆಕ್ಟ್ರಾನು ಕೊಟ್ಟು ಟ್ರೈವೇಲೆಂಟ್ ಎಂಬ ಇನ್ನೊಂದು ರೂಪಕ್ಕೆ ತರುತ್ತವೆ. ಅದರ ವಿಷ ಬಹಳ ಕಡಿಮೆ. ಆಮ್ಲ ತಗ್ಗಿದ ನೀರಿನಲ್ಲಿ ಕರಗಲಾರದೆ ಹಸಿರುಬೂದು ಗಷ್ಟಾಗಿ ತಳ ಸೇರುತ್ತದೆ. ನಿಮ್ಮ ಇಟಿಪಿಯಲ್ಲಿ (ತ್ಯಾಜ್ಯನೀರು ಶುದ್ಧಗೊಳಿಸುವ ಘಟಕದಲ್ಲಿ) ಸೋಡಿಯಂ ಮೆಟಾಬೈಸಲ್ಫೈಟ್ ಮಾಡುವ ಕೆಲಸವೂ ಇದೇ. ಪುಡಿ ಕೊಂಡರೂ ಗಷ್ಟು ಎತ್ತುವ ಕೆಲಸ ನಿಮಗೆ ತಪ್ಪಿದ್ದಲ್ಲ.

ಇನ್ನು ಆ ಸೀಸೆಯ ಆಟ. ನೇರಳೆ ಬಣ್ಣ ಬರಿಸುವ ಡೈಫಿನೈಲ್ ಕಾರ್ಬಜೈಡ್ ಹಿಡಿಯುವುದು ಹೆಕ್ಸಾವೇಲೆಂಟ್ ರೂಪವನ್ನು ಮಾತ್ರ. ಬಣ್ಣ ಬರಲಿಲ್ಲವೆಂದರೆ ರೂಪ ಬದಲಾಗಿದೆ ಎಂದಷ್ಟೇ ಅರ್ಥ. ಲೋಹ ಸೀಸೆಯಲ್ಲೇ ಇದೆ. ಹೊರಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಲೀಟರಿಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ ಮೀರಬಾರದು. ಎರಡನೆಯದನ್ನು ಪ್ರಯೋಗಾಲಯದಲ್ಲೇ ಅಳೆಯಿಸಬೇಕು. ನನಗೆ ಇನ್ನೊಂದು ಗುಮಾನಿ. ಇಂಥ ಪುಡಿಗಳಿಗೆ ತೌಡು, ಬೆಲ್ಲ ಬೆರೆಸುವುದುಂಟು. ಆಮ್ಲೀಯ ನೀರಿನಲ್ಲಿ ಬೆಲ್ಲವೇ ನಿಧಾನವಾಗಿ ಕ್ರೋಮಿಯಂನ ಹಳದಿ ಇಳಿಸಬಲ್ಲದು. ಒಂದು ಪೊಟ್ಟಣವನ್ನು ನೀರಿನಲ್ಲಿ ಕಲಸಿ ಹಳೆಯ ಪ್ರೆಷರ್ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ (ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಬೇಡ), ಆರಿಸಿ, ಹಳದಿ ನೀರಿನ ಒಂದು ಸೀಸೆಗೆ ಹಾಕಿ; ಬೇಯಿಸಿದ್ದರಲ್ಲಿ ಬ್ಯಾಕ್ಟೀರಿಯಾ ಸತ್ತಿರುತ್ತವೆ. ಇನ್ನೊಂದು ಸೀಸೆಗೆ ಬೇಯಿಸದ ಪೊಟ್ಟಣ ಹಾಕಿ. ಎರಡೂ ಒಂದೇ ವೇಗದಲ್ಲಿ ತಿಳಿಯಾದರೆ ನೀವು ಬ್ಯಾಕ್ಟೀರಿಯಾದ ಬೆಲೆಗೆ ಬೆಲ್ಲ ಕೊಳ್ಳುತ್ತಿದ್ದೀರಿ.

ಈ ವಿದ್ಯೆಯೇ ಬೂಟಾಟಿಕೆ ಎಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನ ಬುಡೆಲ್ ಸತು ಕಾರ್ಖಾನೆಯಲ್ಲಿ 1992ರಿಂದ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿಸುವ ಬ್ಯಾಕ್ಟೀರಿಯಾಗಳು ಕಲುಷಿತ ಅಂತರ್ಜಲವನ್ನು ಶುದ್ಧಗೊಳಿಸಿವೆ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಸತುವನ್ನು ಸಲ್ಫೈಡಾಗಿ ಇಳಿಸುತ್ತದೆ. ಆ ಗಷ್ಟು ಮತ್ತೆ ಕುಲುಮೆಗೇ ಹೋಗುತ್ತದೆ. ಆದರೆ ಅದು ಮುಚ್ಚಿದ ರಿಯಾಕ್ಟರ್. ಅಲ್ಲಿ ಆಹಾರ, ಆಮ್ಲೀಯತೆ, ಗಾಳಿ ಎಲ್ಲಕ್ಕೂ ಕಾವಲುಂಟು. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಮನುಷ್ಯರನ್ನೂ ಕೊಲ್ಲಬಲ್ಲದು.

ನಿಮ್ಮ ಪ್ಲೇಟಿಂಗ್ ತೊಟ್ಟಿಯಲ್ಲಿ ಲೀಟರಿಗೆ 250 ಗ್ರಾಂ ಆಸುಪಾಸು ಕ್ರೋಮಿಕ್ ಆಮ್ಲವಿರುತ್ತದೆ. ಅದು ಒಮ್ಮೆ ಸೋರಿ ಬಂದರೆ ಸಾಕಿದ ಬ್ಯಾಕ್ಟೀರಿಯಾಗಳೆಲ್ಲ ಒಂದೇ ಪಾಳಿಯಲ್ಲಿ ಸತ್ತುಹೋಗುತ್ತವೆ. ದಿನಕ್ಕೆ ಕೆಲವು ಡ್ರಮ್ ನೀರಿಗೆ ಮೆಟಾಬೈಸಲ್ಫೈಟ್, ಸುಣ್ಣವೇ ಸಾಕು ಎಂಬುದು ನನ್ನ ಅಭಿಪ್ರಾಯ. ಹತ್ತಾರು ಘಟಕಗಳು ಸೇರಿ ಸಾಮೂಹಿಕ ಸ್ಥಾವರ ಕಟ್ಟುವುದಾದರೆ ಬ್ಯಾಕ್ಟೀರಿಯಾದ ಮಾತಿಗೆ ಅರ್ಥವಿದೆ. ಗಷ್ಟನ್ನು ಮಾತ್ರ ಒಣಗಿಸಿ, ಚೀಲ ಕಟ್ಟಿ, ಅಪಾಯಕಾರಿ ತ್ಯಾಜ್ಯವೆಂದೇ ಲೆಕ್ಕ ಬರೆದು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕಕ್ಕೆ ಕಳುಹಿಸಿ.

ಪ್ರಶ್ನೆ: ಬೈರಮಂಗಲ ಕೆರೆಯ ಕೆಳಗೆ ನಮ್ಮ ಜಮೀನು, ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿಯದೇ ನೀರು. ಇದೇ ಪುಡಿಯನ್ನು ಹೊಲಕ್ಕೆ ಎರಚಬಹುದೇ?

ಉತ್ತರ: ಬೇಡ. ಎರಚಿದರೂ ಲೋಹ ನಿಮ್ಮ ಮಣ್ಣಿನಲ್ಲೇ ಉಳಿಯುತ್ತದೆ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕಿ. ಬೆಳೆ ಹೀರುವ ಕ್ಯಾಡ್ಮಿಯಂ ಎಂಬ ಭಾರಲೋಹ ತಗ್ಗುತ್ತದೆ. ಸೊಪ್ಪಿನ ಎಲೆಗಳು ಅದನ್ನು ಹೆಚ್ಚು ತುಂಬಿಕೊಳ್ಳುವುದರಿಂದ ಆ ಮಡಿಯಲ್ಲಿ ಪಾಲಕ್, ದಂಟು ಬಿಟ್ಟು ಹೂವು ಬೆಳೆಯಿರಿ. ಮೊದಲು ಮಣ್ಣನ್ನು ಪರೀಕ್ಷೆಗೆ ಕೊಡಿ. ಕೊಡುವಾಗ ಭಾರಲೋಹಗಳನ್ನೂ ನೋಡಬೇಕೆಂದು ಬರೆದುಕೊಡಿ, ಮಾಮೂಲಿ ಸಾರಜನಕ-ರಂಜಕದ ಚೀಟಿಯಲ್ಲಿ ಅವು ಬರುವುದಿಲ್ಲ.