ಮಾಸ್ತರ ಅಂಚೆ: ನಿಲ್ಲದ ಸೈಕಲ್ಲು

ಪ್ರಶ್ನೆ: ಮಾಸ್ತರೇ, ಮಗಳು ಮೊಬೈಲಿನಲ್ಲಿ ‘ಫಾದರ್ ಆ್ಯಂಡ್ ಡಾಟರ್’ ಅನ್ನೋ ಅನಿಮೇಶನ್ ಚಿತ್ರ ತೋರಿಸಿದಳು. ಎಂಟು ನಿಮಿಷದ್ದು. ಮಾತಿಲ್ಲ, ಮುಖವೂ ಸರಿಯಾಗಿ ಕಾಣುವುದಿಲ್ಲ. ಅಪ್ಪ ದೋಣಿ ಹತ್ತಿ ಹೋಗುತ್ತಾನೆ. ಮಗಳು ಮುದುಕಿಯಾಗುವ ತನಕ ಸೈಕಲ್ಲು ತುಳಿದುಕೊಂಡು ಅದೇ ದಂಡೆಗೆ ಬರುತ್ತಲೇ ಇರುತ್ತಾಳೆ. ನನ್ನಪ್ಪ ಬೋಟಿಗೆ ಹೋದವರು ತಿರುಗಿ ಬರಲಿಲ್ಲ. ಆಗ ನನಗೆ ಏಳು ವರ್ಷ. ಅವತ್ತು ಅಳದವಳು ಈ ಚಿತ್ರ ನೋಡಿ ಅತ್ತುಬಿಟ್ಟೆ. ಬರೀ ಗೆರೆಗಳಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಕೊನೆಗೆ ಅವಳು ಸತ್ತಳೋ, ಅಪ್ಪ ಸಿಕ್ಕಿದನೋ?
– ಹೆಸರು ಬೇಡ, ಬೇಲೆಕೇರಿ

ಉತ್ತರ: ತಂಗೀ, ನಿನ್ನ ಪತ್ರ ಓದಿದ ಮೇಲೆ ಆ ಚಿತ್ರವನ್ನು ಮತ್ತೆ ನಾಲ್ಕು ಸಲ ನೋಡಿದೆ. ಒಂದು ಸಲವಂತೂ ಇದ್ದಿಲ ಕಡ್ಡಿ ಹಿಡಿದು, ತಡೆದು ತಡೆದು ನೋಡುತ್ತ ಪುಸ್ತಕದಲ್ಲಿ ನಕಲು ಮಾಡಿದೆ. ಮೂವತ್ತೊಂದು ವರ್ಷ ಕುಮಟೆಯ ಮಕ್ಕಳಿಗೆ ಚಿತ್ರ ಬಿಡಿಸೋದು ಕಲಿಸಿದ ಕೈ ಇದು. ಕೈಯಿಂದ ನೋಡಿದರೇ ನನಗೆ ಅರ್ಥವಾಗೋದು.

ಇದನ್ನು ಮಾಡಿದವರು ಹಾಲೆಂಡಿನ ಮೈಕೆಲ್ ಡುಡೊಕ್ ಡಿ ವಿಟ್. 2000ದ ಚಿತ್ರ, ಮರುವರ್ಷ ಆಸ್ಕರ್ ಬಂತು. ನಕಲು ಮಾಡುವಾಗ ಗೊತ್ತಾದ ಮೊದಲ ಸಂಗತಿ ಅಂದರೆ ಹಾಳೆಯ ತುಂಬ ಆಕಾಶ, ತಳದಲ್ಲಿ ಒಂದು ಗೆರೆ ನೆಲ, ಅದರ ಮೇಲೆ ಇರುವೆಯಷ್ಟು ಮನುಷ್ಯರು. ಕಣ್ಣು ಮೂಗು ಬಿಡಿಸಲು ಜಾಗವೇ ಇಲ್ಲ. ಅಳುವ ಮುಖ ತೋರಿಸಿದ್ದರೆ ಅದು ಯಾರೋ ಒಬ್ಬಳ ಅಳು ಆಗುತ್ತಿತ್ತು. ತೋರಿಸಲಿಲ್ಲ, ಆ ಖಾಲಿ ಜಾಗಕ್ಕೆ ನೀನು ಹೋಗಿ ನಿಂತೆ.

ಹಾಗಾದರೆ ದುಃಖವನ್ನು ಹೊರುವವರು ಯಾರು? ಗಾಳಿ, ಉದ್ದದ ನೆರಳು, ಚಕ್ರ. ಎದುರುಗಾಳಿಗೆ ಬಗ್ಗಿ ತುಳಿಯುವ ಆ ಬೆನ್ನನ್ನು ನೋಡು. ಗೆಳತಿಯರ ಜೊತೆ ಬಂದಾಗ, ಸಂಸಾರದ ಜೊತೆ ಬಂದಾಗ, ಒಂದು ಗಳಿಗೆ ನೀರಿನ ಕಡೆ ತಿರುಗುತ್ತಾಳೆ, ಅಷ್ಟೇ. ಹಿನ್ನೆಲೆಯಲ್ಲಿ ಅಕಾರ್ಡಿಯನ್ ನುಡಿಸುವುದು ರುಮೇನಿಯಾದ ಸಂಗೀತಗಾರ ಇವಾನೊವಿಚಿಯವರ ‘ಡಾನ್ಯೂಬಿನ ಅಲೆಗಳು’, 1880ರ ಕುಣಿತದ ಮಟ್ಟು. ಅಳುವ ಹೊತ್ತಿಗೆ ಕುಣಿತದ ಮಟ್ಟು ಹಾಕಿದ ಆ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ಆದರೆ ನನ್ನನ್ನು ಅಲ್ಲಾಡಿಸಿದ್ದು ಬೇರೆ ಜಾಗ. ಮುದುಕಿ ಕೊನೆಯ ಸಲ ಬಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತಾಳೆ. ಬೀಳುತ್ತದೆ. ಹಿಂದೆ ಬಂದು ಎತ್ತಿ ನಿಲ್ಲಿಸುತ್ತಾಳೆ. ಮತ್ತೆ ಬೀಳುತ್ತದೆ. ಆಮೇಲೆ ಬಿಟ್ಟು ನಡೆಯುತ್ತಾಳೆ. ನನ್ನಮ್ಮ ಕೊನೆಯ ವರ್ಷ, ದನ ದಾಟದಂತೆ ಬೇಲಿಯ ದಾರಿಗೆ ಅಡ್ಡ ಹಾಕುವ ದಣಪೆಯ ಗಳ ಎತ್ತಿ ಎತ್ತಿ ಹಾಕುತ್ತಿದ್ದಳು. ದನ ಮಾರಿ ಎಷ್ಟೋ ಕಾಲವಾಗಿತ್ತು, ಆದರೂ ಸಂಜೆಯಾದರೆ ಹಾಕಲೇಬೇಕು. ಒಂದು ಸಂಜೆ ಹಾಕದೆ ಒಳಗೆ ಬಂದು ಮಲಗಿದಳು. ನಾನು ಹೋಗಿ ಹಾಕಿದೆ. ಅವಳು ಯಾಕೆ ಬಿಟ್ಟಳೆಂದು ಅವತ್ತು ಹೊಳೆಯಲಿಲ್ಲ. ಮೊನ್ನೆ ಆ ಸೈಕಲ್ಲು ಬಿದ್ದಾಗ ಹೊಳೆಯಿತು.

ಇನ್ನು ಮುದುಕಿ ದಂಡೆ ಇಳಿದು ನಡೆಯುವಾಗ ಅಲ್ಲಿ ನೀರೆಲ್ಲ ಆರಿ ಹುಲ್ಲು ಬೆಳೆದದ್ದು. ಹಾಲೆಂಡಿನಲ್ಲಿ ಇದು ಕಟ್ಟುಕತೆಯಲ್ಲ. 1932ರಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡು ಹಾಕಿ ಸಮುದ್ರದ ಒಂದು ಕೊಲ್ಲಿಯನ್ನೇ ಮುಚ್ಚಿದರು. ಆಮೇಲೆ ಅದರ ಒಂದು ಪಾಲಿನ ನೀರನ್ನು ಬಸಿದು ಊರು, ಹೊಲ ಮಾಡಿದರು. ಅಘನಾಶಿನಿ ಹೊಳೆಯ ಗಜನಿ ಗದ್ದೆ ಕಂಡ ನಮಗೂ ಇದು ಹೊಸದಲ್ಲ. ಉಪ್ಪುನೀರಿಗೆ ಕಟ್ಟೆ ಕಟ್ಟಿ ಕಗ್ಗ ಭತ್ತ ಬಿತ್ತಿದ ಜನ ನಾವು. ಆ ಹುಲ್ಲಿನಲ್ಲಿ ಅರ್ಧ ಹೂತ ದೋಣಿ ಸಿಗುತ್ತದಲ್ಲ, ಅಂಥದ್ದನ್ನು ನಿಮ್ಮೂರ ದಂಡೆಯಲ್ಲೂ ನೀನು ನೋಡಿರುತ್ತೀ. ಅವಳು ಅದರೊಳಗೆ ಮುದುರಿ ಮಲಗುತ್ತಾಳೆ, ಮಗು ಮಲಗಿದ ಹಾಗೆ.

ಸತ್ತಳೋ ಎಂದು ಕೇಳಿದ್ದೀ. ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಕಂಡದ್ದು ಹೇಳುತ್ತೇನೆ. ಅವಳು ಎದ್ದು ಓಡುತ್ತಾಳೆ, ಓಡುತ್ತ ಓಡುತ್ತ ವಯಸ್ಸು ಕಳಚುತ್ತದೆ, ಎದುರಿಗೆ ಅಪ್ಪ. ಅವನಿಗೆ ಒಂದು ದಿನವೂ ವಯಸ್ಸಾಗಿಲ್ಲ. ನಿನ್ನಪ್ಪನ ಮುಖ ನಿನ್ನ ನೆನಪಿನಲ್ಲಿ ಯಾವ ವಯಸ್ಸಿನದು, ಹೇಳು. ನೀನು ಈಗ ಅವರಿಗಿಂತ ದೊಡ್ಡವಳಾಗಿರಬಹುದು. ಅವರನ್ನು ಕಾಣಲು ನೀನೇ ಸಣ್ಣವಳಾಗಿ ಹಿಂದೆ ಹೋಗಬೇಕು. ಆ ಓಟದಲ್ಲಿ ನಾನು ಸಾವನ್ನು ಕಾಣಲಿಲ್ಲ, ಆ ಹಿಂದೆ ಹೋಗುವುದನ್ನು ಕಂಡೆ. ಏಳು ವರ್ಷದವಳು ಅಳದೆ ಉಳಿಸಿಕೊಂಡದ್ದನ್ನು ನೀನು ಈಗ ಅತ್ತೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ‘ಫಾದರ್ ಆ್ಯಂಡ್ ಡಾಟರ್’ ಮಾಡಿದವರ ಬೇರೆ ಚಿತ್ರ ನೋಡಬೇಕೆಂದಿದ್ದೇನೆ. ಯಾವುದನ್ನು ನೋಡಲಿ?
– ಕಾಲೇಜು ವಿದ್ಯಾರ್ಥಿ, ಶಿರಸಿ

ಉತ್ತರ: 1994ರ ‘ದ ಮಾಂಕ್ ಆ್ಯಂಡ್ ದ ಫಿಶ್’ ಪುಟ್ಟದು, ಒಂದು ಮೀನಿನ ಬೆನ್ನು ಹತ್ತಿದ ಸನ್ಯಾಸಿಯ ಕತೆ. ಮಕ್ಕಳಿಗೂ ತೋರಿಸು. 2016ರ ‘ದ ರೆಡ್ ಟರ್ಟಲ್’ ದೊಡ್ಡ ಚಿತ್ರ, ಜಪಾನಿನ ಜಿಬ್ಲಿ ಸ್ಟುಡಿಯೊ ಕೈಜೋಡಿಸಿದ್ದು. ಹಡಗು ಒಡೆದು ದ್ವೀಪ ಸೇರಿದವನ ಕತೆ, ಅಲ್ಲೂ ಮಾತಿಲ್ಲ. ಮೊಬೈಲಿನಲ್ಲಿ ನೋಡಬೇಡ, ಸಮುದ್ರ ಸಣ್ಣದಾಗುತ್ತದೆ. ಬೇಲೆಕೇರಿಯ ತಂಗಿಗೂ ಅದನ್ನೇ ಹೇಳುತ್ತೇನೆ: ಮಗಳನ್ನು ಪಕ್ಕ ಕೂರಿಸಿಕೊಂಡು ನೋಡು. ಮೊದಲು ಅವಳಿಗೆ ಅಜ್ಜನ ವಿಷಯ ಹೇಳು.