ಓಡಾಟ ಜಾಸ್ತಿ ಇರುವ ಮನೆಗೆ ಎಂಥ ನೆಲ?

ಪ್ರಶ್ನೆ: ನಮ್ಮದು ಆರು ಜನರ ಮನೆ. ಇಬ್ಬರು ಚಿಕ್ಕ ಮಕ್ಕಳು, ಮಂಡಿ ನೋವಿನ ಅತ್ತೆ, ಜೊತೆಗೆ ಒಂದು ನಾಯಿ. ಹಳೇ ನೆಲ ಕಿತ್ತು ಹೊಸದು ಹಾಕಿಸಬೇಕು. ನಮ್ಮ ಯಜಮಾನರಿಗೆ ಮಾರ್ಬಲ್ ಆಸೆ, ನನಗೆ ಮರದ ಥರ ಕಾಣುವ ಲ್ಯಾಮಿನೇಟ್ ಇಷ್ಟ. ಹೆಚ್ಚು ಬಾಳಿಕೆ ಬರುವುದು ಯಾವುದು?

ಉತ್ತರ: ಇಬ್ಬರಿಗೂ ಬೇಜಾರಾಗಬಹುದು. ಎರಡೂ ಬೇಡ, ಮ್ಯಾಟ್ ಫಿನಿಶ್ ವಿಟ್ರಿಫೈಡ್ ಟೈಲ್ಸ್ ಹಾಕಿಸಿ.

ಮಾರ್ಬಲ್ ಮೇಲೆ ನನಗೆ ಹಳೇ ಸಿಟ್ಟಿದೆ. ನಮ್ಮ ಹಾಲ್‌ಗೆ ಆಸೆಪಟ್ಟು ಅದನ್ನೇ ಹಾಕಿಸಿದ್ದೆ. ಒಂದು ಸಲ ನಿಂಬೆ ರಸದ ಲೋಟ ನೆಲದ ಮೇಲಿಟ್ಟು ಮರೆತೆ. ಲೋಟ ಎತ್ತಿದರೆ ಬಳೆಯಂಥ ಮಂಕು ಗುರುತು! ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದು ಕಲೆಯಾಗಿದ್ದರೆ ತಾನೇ ಹೋಗುವುದು? ಹುಳಿ ಕಲ್ಲನ್ನೇ ತಿಂದಿತ್ತು. ಗೀರಿನ ಕಥೆ ಬೇರೆ. ಗಡಸುತನದ ಮೋಸ್ ಅಳತೆಯಲ್ಲಿ ಮಾರ್ಬಲ್ 3ರ ಆಸುಪಾಸು, ಚಪ್ಪಲಿಗೆ ಅಂಟಿ ಬರುವ ಮರಳು 7ರ ಹತ್ತಿರ. ಅದರ ಮೇಲೆ ಮಕ್ಕಳೂ ನಾಯಿಯೂ ಓಡಾಡಿದರೆ ದಿನಾ ಸ್ಯಾಂಡ್ ಪೇಪರ್ ಉಜ್ಜಿದ ಹಾಗೇ ಅಲ್ವಾ?

ಲ್ಯಾಮಿನೇಟ್ ಕಾಲಿಗೆ ಹಿತ, ಒಪ್ಪುತ್ತೇನೆ. ಆದರೆ ಅದರ ಒಳಗಿರುವುದು ಒತ್ತಿದ ಮರದ ನಾರು. ನಾಯಿ ರಾತ್ರಿ ನೀರಿನ ಬಟ್ಟಲು ಉರುಳಿಸಿದರೆ ಬೆಳಗಾಗುವುದರಲ್ಲಿ ಸಂದು ಉಬ್ಬಿರಬಹುದು. ಅಷ್ಟು ಇಷ್ಟವಿದ್ದರೆ ನಿಮ್ಮ ಮಲಗುವ ಕೋಣೆಗೆ ಮಾತ್ರ ಹಾಕಿಸಿ.

ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಅದರ ತೂಕದ ಶೇ. 0.5ರ ಒಳಗೇ. ಕೊಳ್ಳುವಾಗ ಅಂಚು ನೋಡಿ. ಬಣ್ಣ ಮೇಲೆ ಮಾತ್ರ ಇದೆಯೋ, ಒಳಗೂ ಇದೆಯೋ? ಪೂರ್ತಿ ಒಂದೇ ಬಣ್ಣವಿರುವ ‘ಫುಲ್ ಬಾಡಿ’ ಆದರೆ ಚಕ್ಕೆ ಎದ್ದರೂ ಅಷ್ಟಾಗಿ ಕಾಣುವುದಿಲ್ಲ. ನಿಮ್ಮ ಅತ್ತೆಯವರು ಜಾರಬಾರದಲ್ಲ, ಅಂಗಡಿಯಲ್ಲೇ ಒಂದು ಟೈಲ್ಸ್ ಮೇಲೆ ನೀರು ಚೆಲ್ಲಿ ಬರಿಗಾಲಲ್ಲಿ ನಿಂತು ನೋಡಿ. ನಗುವವರು ನಗಲಿ. ಹಾಗಂತ ತೀರಾ ಒರಟಾದದ್ದೂ ಬೇಡ, ಕೊಳೆ ಹಿಡಿದು ಒರೆಸುವವರ ಸೊಂಟ ಬಿದ್ದುಹೋಗುತ್ತದೆ.

ಇನ್ನು ಕೂರಿಸುವ ಕೆಲಸ. ಎಷ್ಟೋ ಸಲ ಟೈಲ್ಸ್ ಒಡೆಯುವುದು ಅಡಿಯಲ್ಲಿ ಪೊಳ್ಳು ಇರುವುದರಿಂದ. ನಾಲ್ಕು ಮೂಲೆಗೆ, ನಡುವಿಗೆ ಒಂದೊಂದು ಮುದ್ದೆ ಅಂಟು ಇಟ್ಟು ಒತ್ತಿಬಿಡುವ ಮೇಸ್ತ್ರಿಗಳಿದ್ದಾರೆ. ಬಿಡಬೇಡಿ, ಹಲ್ಲಿನ ಕರಣೆಯಲ್ಲಿ ಪೂರ್ತಿ ಹರಡಿಸಿ. ಅಂಟು ಚೆನ್ನಾಗಿ ಒಣಗಿದ ಮೇಲೆ ನಾಣ್ಯದಿಂದ ಒಂದೊಂದನ್ನೇ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಅವನ್ನು ಕಿತ್ತು ಸರಿಯಾಗಿ ಕೂರಿಸುವವರೆಗೆ ಕೊನೇ ಕಂತು ಕೊಡಬೇಡಿ. ಅಡುಗೆಮನೆಯ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ, ಎಣ್ಣೆ ಜಿಡ್ಡು ಇಳಿಯುವುದಿಲ್ಲ.

ಅದೇ ಬ್ಯಾಚಿನ ಒಂದು ಡಬ್ಬಿ ಜಾಸ್ತಿ ತಂದು ಅಟ್ಟದ ಮೇಲಿಡಿ. ನಾನು ಇಟ್ಟಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಒಂದೇ ಒಂದು ಟೈಲ್ಸ್ ಬೇರೆ ಬಣ್ಣ, ಬಂದವರೆಲ್ಲ ಅದನ್ನೇ ನೋಡುತ್ತಾರೆ.